ಎಕ್ಸ್‌ಪೋರ್ಟ್ಸ್ ಫೈಲಿನ ಒಂದು ಸಾಲು

ಸೇಡಂನ ರಂಜನಾ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಬಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಖೋಲಿಯ ಬೀಗ ತೆಗೆಯುತ್ತಿದ್ದಳು. ಒಳಗೊಂದು ಯುನಿಕ್ಸ್ ಸರ್ವರ್. ಅದರ ಡೈರೆಕ್ಟರಿಗಳು, ಅಂದರೆ ಫೈಲುಗಳನ್ನಿಡುವ ಖಾನೆಗಳು, ಯಾವ ವಿಭಾಗದ ಕಂಪ್ಯೂಟರಿಗೆ ಕಾಣಬೇಕು ಎಂಬುದನ್ನು ‘ಇಟಿಸಿ’ ಎಂಬ ಖಾನೆಯೊಳಗಿನ ‘ಎಕ್ಸ್‌ಪೋರ್ಟ್ಸ್’ ಫೈಲಿನಲ್ಲಿ ಬರೆಯಬೇಕು, ಒಂದು ಯಂತ್ರಕ್ಕೆ ಒಂದು ಸಾಲು. ಬರೆದರಷ್ಟೇ ಸಾಲದು, ಅದನ್ನು ಓದಿಕೋ ಎಂದು ಸರ್ವರಿಗೆ ಮೇಲೊಂದು ಆಜ್ಞೆ ಕೊಡಬೇಕು. ಕೊಡದಿದ್ದರೆ ಸರ್ವರ್ ಮತ್ತೆ ಶುರುವಾಗುವ ತನಕ ಹಳೆಯದೇ ನಡೆಯುತ್ತದೆ.

ಅದೇ ಕಾರ್ಖಾನೆಯ ಸಿಮೆಂಟ್ ಪರೀಕ್ಷಿಸುವ ಲ್ಯಾಬಿನ ದೇವಾನಂದ ತೆಂಗಳಿಯ ಒಕ್ಕಲು ಮನೆಯವನು. ದಿನಾ ಬೆಳಿಗ್ಗೆ ಪರೀಕ್ಷೆಯ ವರದಿಯನ್ನು ಲ್ಯಾಬಿನ ಕಂಪ್ಯೂಟರಿನಿಂದಲೇ ಆ ಸರ್ವರಿಗೆ ಹಾಕುತ್ತಿದ್ದ. ಒಂದು ದಿನ ವರದಿಯ ಕೆಳಗೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ‘ನಮ್ಮೂರಾಗ ತೊಗರಿ ಹೂ ಬಿಟ್ಟಾವ್ರಿ’ ಎಂದಿತ್ತು. ರಂಜನಾ ಅದರ ಕೆಳಗೆ ‘ನಮ್ಮವ್ವ ಡಬ್ಬಿಗಿ ಚುರುಮುರಿ ಸುಸಲಾ ಕಟ್ಟ್ಯಾಳ್ರಿ’ ಎಂದು ಬರೆದಳು. ಅಲ್ಲಿಂದ ಅದು ನಿತ್ಯದ ರೂಢಿಯಾಯಿತು. ಸಂಜೆ ಸಾಹೇಬರಿಗೆ ಪ್ರಿಂಟ್ ತೆಗೆಯುವ ಮುನ್ನ ಆ ಸಾಲುಗಳನ್ನು ಇನ್ನೊಮ್ಮೆ ಓದಿ ಅಳಿಸುವಳು. ಕ್ಯಾಂಟೀನಿನಲ್ಲಿ ಎದುರಾದರೆ ಮಾತ್ರ ‘ಆರಾಮ್ರಿ?’ ಬಿಟ್ಟು ಇಬ್ಬರ ಬಾಯಿಂದಲೂ ಮತ್ತೊಂದು ಮಾತು ಹೊರಡದು. ಆಚಾರ್ಯರ ಮನೆಯ ಮಗಳು, ಒಕ್ಕಲು ಮನೆಯ ಮಗ. ಬಾಯಿಬಿಟ್ಟರೆ ಏನಾದೀತೆಂದು ಇಬ್ಬರಿಗೂ ಗೊತ್ತಿತ್ತು.

೧೯೯೯ರಲ್ಲಿ ಒಂದು ದಿನ ಮೇಲಧಿಕಾರಿ ಪ್ರಹ್ಲಾದರಾವ್ ಬಂದು, “ಲ್ಯಾಬ್ ಚಿಂಚೋಳಿ ಕಡೆ ಹೊಸ ಕಾರ್ಖಾನಿಗಿ ಹೊಂಟದ. ಅವರ ಸಾಲು ತೆಗೆದುಬಿಡ್ರಿ,” ಎಂದರು.

“ಆತ್ರಿ,” ಎಂದು ರಂಜನಾ ಸಾಲು ಅಳಿಸಿದಳು. ಆಜ್ಞೆ ಮಾತ್ರ ಕೊಡಲಿಲ್ಲ. ಇನ್ನೆರಡು ದಿನವಾದರೂ ಇರಲಿ ಎಂಬ ಆಸೆ.

ಲ್ಯಾಬ್ ಹೊರಡುವ ದಿನ ಎದೆ ಗಟ್ಟಿ ಮಾಡಿಕೊಂಡು ವರದಿಯ ಕೆಳಗೆ ಬರೆದಳು: ‘ನಾನೂ ಬರ್ಲೇನ್ರಿ ಚಿಂಚೋಳಿಗಿ? ಮನ್ಯಾಗ ನಾನೇ ಹೇಳ್ತೀನಿ.’ ನಡೆದರೆ ಲ್ಯಾಬ್ ಎಷ್ಟು ದೂರ? ಆದರೆ ನಡೆಯುವ ಹೆಣ್ಣಲ್ಲ ಅವಳು, ಬರೆಯುವ ಹೆಣ್ಣು.

ಅವನು ಅದನ್ನು ಓದುವ ಮೊದಲೇ ಕರೆಂಟು ಹೋಯಿತು, ಹಳೆಯ ಯುಪಿಎಸ್ಸೂ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದು ಫೈಲನ್ನು ಹೊಸದಾಗಿ ಓದಿಕೊಂಡಾಗ ಅದರಲ್ಲಿ ಲ್ಯಾಬಿನ ಸಾಲು ಇರಲಿಲ್ಲ.

ಫೋನು ಬಂತು. “ಫೈಲ್ ಕಾಣವಲ್ದು. ನೀವೇ ಬಂದ್ ಮಾಡೀರೇನ್ರಿ?” ದೇವಾನಂದನ ದನಿ.

ಪ್ರಹ್ಲಾದರಾವ್ ಪಕ್ಕದಲ್ಲೇ ಕುಳಿತಿದ್ದರು. “ಹೌದ್ರಿ. ತೆಗೀಲಿಕ್ಕ ಹೇಳ್ಯಾರ,” ಎಂದಳು.

“ಆತ್ರಿ ಮತ್ತ,” ಎಂದು ಅವನು ಫೋನಿಟ್ಟ.

ಸಾಹೇಬರು ಎದ್ದು ಹೋದ ಮೇಲೆ ಸಾಲನ್ನು ಮತ್ತೆ ಬರೆದು, ಈ ಸಲ ಆಜ್ಞೆಯನ್ನೂ ಕೊಟ್ಟಳು. ಅಷ್ಟೊತ್ತಿಗೆ ಲ್ಯಾಬಿನ ಕಂಪ್ಯೂಟರಿನ ವೈರು ಬಿಚ್ಚಿ ಲಾರಿಗೆ ಹೇರಿದ್ದರು.

ರಂಜನಾ ಮದುವೆಯಾಗಲಿಲ್ಲ. ಕೇಳಿದವರಿಗೆ ಜಾತಕದ ನೆಪ ಹೇಳುತ್ತಿದ್ದಳು. ಏಳು ವರ್ಷದ ಮೇಲೆ ಹೊಸ ಸರ್ವರ್ ಬಂತು. ಎಕ್ಸ್‌ಪೋರ್ಟ್ಸ್ ಫೈಲಿನ ನಕಲು ಮಾಡುತ್ತಿದ್ದ ಹೊಸ ಸಹೋದ್ಯೋಗಿ ಪ್ರಮಿತಾ ಒಂದು ಸಾಲಿನ ಹತ್ತಿರ ನಿಂತಳು.

“ಅಕ್ಕಾ, ಲ್ಯಾಬಿನ ಮಷೀನ್ ಈಗ ಇಲ್ಲಲ್ಲ. ತೆಗೀಲೇನು?”

“ಬ್ಯಾಡ, ಇರಲಿ,” ಎಂದಳು ರಂಜನಾ. “ಅವರು ಕೇಳಿದ್ರ ಆ ಫೈಲ್ ಕಾಣಬೇಕು.”