ಮೂರನೆಯ ರವಿವಾರ ಓದದ ಹೆಸರು

ಎರಡು ತಿಂಗಳ ಹಿಂದೆ ಮೊಮ್ಮಗಳು ರಕ್ತ ತಪಾಸಣೆ ಮಾಡಿಸಿಕೊಂಡು ಬಂದು ನನ್ನ ಪಕ್ಕ ಕೂತಳು. ಮೊಳಕೈಗೆ ಒತ್ತಿಕೊಂಡ ಹತ್ತಿಯಿಂದ ಸ್ಪಿರಿಟ್ಟಿನ ವಾಸನೆ. ಬಾಗಲಕೋಟೆಯ ಬಿಸಿಲಿನ ಬಗ್ಗೆ ಮಾತಾಡುವಷ್ಟೇ ಹಗುರವಾಗಿ, ತಾನು ಮದುವೆಯಾಗುವ ಹುಡುಗನ ಸುದ್ದಿ ತೆಗೆದಳು. "ಆಯಿ, ಅವಂದು ಮದ್ಲ ಒಂದ ರಿಲೇಶನ್‌ಶಿಪ್ ಇತ್ತು. ವರ್ಕ್ ಆಗಲಿಲ್ಲ."

ಕೆದಕಿ ಕೇಳಿದರೆ, ರಿಲೇಶನ್‌ಶಿಪ್ ಎಂದರೆ ಮದುವೆಯೇ! ಇಗರ್ಜಿಯಲ್ಲಿ ದೇವರ ಮುಂದೆ ಮಾತು ಕೊಟ್ಟು ಆದ ಮದುವೆ. ಆ ಹೆಂಡತಿ ಇನ್ನೂ ಬದುಕಿದ್ದಾಳೆ. ಪಾದ್ರಿಯವರು ಇದಕ್ಕೆ ಒಪ್ಪಿದರಾ ಎಂದೆ. ಅವರೇ ಇದನ್ನು 'ಹೊಸ ಆರಂಭ' ಅಂದರಂತೆ. ನಮ್ಮ ಕಾಲದಲ್ಲಿ ಇದಕ್ಕಿದ್ದದ್ದು ಬೈಬಲ್ಲಿನ ಒಂದೇ ಶಬ್ದ, ವ್ಯಭಿಚಾರ. ಆ ಶಬ್ದವನ್ನು ಒಬ್ಬಾಕೆಯ ತಲೆಗೆ ಕಟ್ಟಿದವಳು ನಾನು.

ಎಪ್ಪತ್ತರ ದಶಕದ ಮಾತು. ಇಳಕಲ್ಲಿನಲ್ಲಿ ನಮ್ಮದು ಮೂವತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ. ನಮ್ಮ ಸಭೆಯವರೇ ಆದ ನರ್ಸಬಾಯಿ ನಮ್ಮ ಓಣಿಯಲ್ಲೇ ಇದ್ದರು. ದವಾಖಾನೆಯಿಂದ ಬಂದರೆ ಸೀರೆಯ ತುಂಬ ಇದೇ ಸ್ಪಿರಿಟ್ಟಿನ ವಾಸನೆ. ನೇಕಾರರ ಓಣಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಬೈಯುವುದರಲ್ಲಿ ಎತ್ತಿದ ಕೈ. ಹೆರಿಗೆ ನೋವಿನಲ್ಲಿ ಕೂಗುವವರಿಗೆ ಬೈದು ಬೈದೇ ಧೈರ್ಯ ತುಂಬುತ್ತಿದ್ದರು. ನನಗಂತೂ ಒಡಹುಟ್ಟಿದ ಅಕ್ಕನ ಹಾಗೆ…

ನಲವತ್ತರ ಹತ್ತಿರ ಅವರಿಗೆ ಮದುವೆ ಗೊತ್ತಾಯಿತು. ವರ ಹುನಗುಂದದ ಕಂಪೌಂಡರ್. ನಮ್ಮಲ್ಲಿ ಮದುಮಗಳಿಗೆ ಬಿಳಿ ಸೀರೆ ಬೇಕಲ್ಲ, ನೇಕಾರ ಒಪ್ಪಲೇ ಇಲ್ಲ. ಸೀರೆಯ ಮೈ ಬೇಕಾದರೆ ಬಿಳಿ ನೇಯುತ್ತೇನೆ, ಕೆಂಪು ಸೆರಗಿಲ್ಲದ ಮದುವೆ ಸೀರೆ ನನ್ನ ಮಗ್ಗದಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದ. ನರ್ಸಬಾಯಿ ನಕ್ಕು, ಕೆಂಪೇ ಇರಲಿ ಬಿಡು ಎಂದರು. ಸೀರೆ ಬಂದ ದಿನ ಆ ಸೆರಗನ್ನು ನನ್ನ ಹೆಗಲಿಗೆ ಹಾಕಿ ಚಂದ ನೋಡಿದ್ದರು.

ಮದುವೆಗೆ ಮುಂಚೆ ಮೂರು ರವಿವಾರ ಇಗರ್ಜಿಯಲ್ಲಿ ಇಬ್ಬರ ಹೆಸರು ಓದಿ, ತಕರಾರು ಇದ್ದವರು ಹೇಳಿ ಎಂದು ಕೇಳುವುದು ನಮ್ಮ ಪದ್ಧತಿ. ಮೊದಲ ವಾರ ಯಾರೂ ಏನೂ ಹೇಳಲಿಲ್ಲ. ಅದೇ ವಾರ ಸೊಲ್ಲಾಪುರದಿಂದ ಬಂದ ನನ್ನ ಸೋದರತ್ತೆ, ಆ ಕಂಪೌಂಡರನಿಗೆ ಅಲ್ಲೊಬ್ಬ ಹೆಂಡತಿ ಇದ್ದಾಳೆ, ಕೋರ್ಟಿನಲ್ಲಿ ಸೋಡಚೀಟಿ ಆಗಿ ಬೇರೆಯಾಗಿದ್ದಾರೆ ಎಂದಳು. ಕೋರ್ಟು ಬಿಡಿಸಿದರೂ ಸಭೆಯ ಪಾಲಿಗೆ ಅದು ಬಿಡುಗಡೆಯಲ್ಲ. ನನಗಾಗ ಇಪ್ಪತ್ತೆರಡು. ರವಿವಾರದ ಶಾಲೆಯ ಮಕ್ಕಳಿಗೆ ಹತ್ತು ಆಜ್ಞೆ ಕಲಿಸುತ್ತಿದ್ದೆ. ಆ ಜಂಬವೇನು ಕೇಳುತ್ತೀರಿ! ಎರಡನೆಯ ರವಿವಾರ ಎದ್ದು ನಿಂತೆ. ವರನ ಮೊದಲ ಹೆಂಡತಿ ಬದುಕಿದ್ದಾಳೆ, ಇದು ವ್ಯಭಿಚಾರ ಆಗುತ್ತದೆ ಎಂದೆ.

ಮೂರನೆಯ ವಾರ ಹೆಸರು ಓದಲಿಲ್ಲ. ಅವರಿಬ್ಬರೂ ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಸಭೆ ಅದನ್ನು ಮದುವೆ ಎನ್ನಲಿಲ್ಲ, ಆಕೆಯನ್ನು 'ಇಟಗೊಂಡಾಕಿ' ಎಂದಿತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಹೊರಗಿಟ್ಟಿತು. ಆದರೂ ನರ್ಸಬಾಯಿ ಅದೇ ಸೀರೆ ಉಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎಲ್ಲರೂ ರೊಟ್ಟಿ ತೆಗೆದುಕೊಳ್ಳಲು ಮುಂದೆ ಹೋದಾಗ ಅವರೊಬ್ಬರೇ ಕೂತಿರುತ್ತಿದ್ದರು… ಹೀಗೆ ಎಂಟು ವರ್ಷ.

ಒಮ್ಮೆ ನಳದ ಹತ್ತಿರ ಎದುರಾದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ನೀ ಹೇಳಿದ್ದು ಸುಳ್ಳಲ್ಲ. ನನಗೂ ಗೊತ್ತಿತ್ತು," ಎಂದರು. "ಆದ್ರ ಮದ್ಲ ನಮ್ಮ ಮನಿಗೆ ಬರಬೇಕಿತ್ತು ನೀ. ದಿನಾ ಬರತಿದ್ದಿ."

ನಾನು ಕೊಡ ಎತ್ತಿಕೊಂಡು ಬಂದುಬಿಟ್ಟೆ.

ಎಂಬತ್ತರ ದಶಕದಲ್ಲಿ ಅವರು ಕಾಮಾಲೆಯಿಂದ ತೀರಿಕೊಂಡರು. ಕೊನೆಗೆ ಕರ್ತನ ಭೋಜನ ಬೇಕೆಂದು ಹೇಳಿ ಕಳಿಸಿದ್ದರಂತೆ. ಆ ಕಂಪೌಂಡರನನ್ನು ಬಿಟ್ಟೆ ಅನ್ನಲಿ, ಕೊಡುತ್ತೇವೆ ಎಂದರಂತೆ ಸಭೆಯ ಹಿರಿಯರು. ನರ್ಸಬಾಯಿ ಹಾಗೆ ಅನ್ನಲಿಲ್ಲ.

ಮೊಮ್ಮಗಳ ಮಾತು ಕೇಳಿದ ಮರುದಿನವೇ ಪಾದ್ರಿಯವರ ಮನೆಗೆ ಹೋದೆ. ನನ್ನ ಮೊಮ್ಮಗನ ವಯಸ್ಸಿನವರು. ಎಲ್ಲ ಕೇಳಿ, ಚಹಾದ ಕಪ್ಪು ನನ್ನ ಮುಂದೆ ಸರಿಸಿ, "ಆ ಕಾಲ ಹಂಗಿತ್ರಿ ಆಯಿ. ಈಗ ಯಾರೂ ಹಂಗ ನೋಡಂಗಿಲ್ಲ," ಎಂದರು. ನಾನು ಕಪ್ಪನ್ನು ಹಿಂದಕ್ಕೆ ಸರಿಸಿದೆ. ಪಾಪ ಅಲ್ಲದಿದ್ದರೆ ಸಾಯುವ ಆಕೆಗೆ ಒಂದು ತುಣುಕು ರೊಟ್ಟಿ ಯಾಕೆ ಕೊಡಲಿಲ್ಲ? ಪಾಪವೇ ಆಗಿದ್ದರೆ ನನ್ನ ಮೊಮ್ಮಗಳಿಗೆ ಆಶೀರ್ವಾದ ಹೇಗೆ ಮಾಡುತ್ತೀರಿ? ಕೇಳಿಯೇಬಿಟ್ಟೆ. "ಚಹಾ ಆರತೈತ್ರಿ ಆಯಿ," ಎಂದರು.

ಮೊಮ್ಮಗಳ ಹೆಸರನ್ನು ಮೂರು ರವಿವಾರವೂ ಓದಿದರು. ಯಾರೂ ಏಳಲಿಲ್ಲ, ನಾನೂ ಏಳಲಿಲ್ಲ. ಹುಡುಗ ಒಳ್ಳೆಯವನು, ಸುಖವಾಗಿರಲಿ. ಆದರೆ ನರ್ಸಬಾಯಿಗೆ ನನ್ನಿಂದ ತಪ್ಪಾಯಿತು ಎಂದು ಹೇಳಬೇಕೆಂದರೆ, ಈಗ ನಾನು ಯಾರ ಮನೆಗೆ ಹೋಗಲಿ?