ಮೂಲೆಯ ಹೆಸರು

ಮೈಲಾಪೂರಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಫೋಟೋಗ್ರಾಫರ್ ಯಾವ ಚಿತ್ರ ಕಂಡರೂ ಮೊದಲು ಅದರ ಮೂಲೆಗೆ ಬೆರಳಿಟ್ಟು, "ಹೆಸರೆಲ್ಲಿ?" ಎನ್ನುತ್ತಿದ್ದರು. ತಮ್ಮ ಹೆಸರು ಅಳಿಸಿ ಚಿತ್ರ ಬಳಸಿದವರನ್ನು ಅವರು ಸುಮ್ಮನೆ ಬಿಟ್ಟವರಲ್ಲ. ನನಗೆ ಆ ಹಟ ಅತಿಯೆನಿಸುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮ, ನಾನು, ಅವರು ಹೂವು ತರಲು ಹೊರಟಿದ್ದೆವು. ದಾರಿಯ ಪ್ರಿಂಟಿಂಗ್ ಅಂಗಡಿಯ ಬಾಗಿಲಲ್ಲಿ, ಸತ್ತವರಿಗೆ ಹಾಕಿಸುವ, ಮೇಲೆ ತಮಿಳಿನಲ್ಲಿ 'ಕಣ್ಣೀರ್ ಅಂಜಲಿ' ಎಂದು ಬರೆದ ಪೋಸ್ಟರಿನ ಸ್ಯಾಂಪಲ್ ತೂಗುತ್ತಿತ್ತು. ಅದರಲ್ಲಿ ಅವರೇ ತೆಗೆದಿದ್ದ ನನ್ನ ಅಮ್ಮನ ನಗುಮುಖ! ಯಾರೋ ನೆಟ್‌ನಿಂದ ಎತ್ತಿ, ಮೂಲೆಯ ಹೆಸರು ಅಳಿಸಿದ್ದರು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಜೀವ ಅಮ್ಮನದು.

ತಮಿಳು ಓದಲು ಬಾರದ ಅಮ್ಮ ಹಿಗ್ಗಿ, "ಅಯ್ಯೋ, ನಾನೇ ಅಲ್ವೇನಪ್ಪಾ! ಮೇಲೇನು ಬರ್ದಿದಾರೆ?" ಎಂದು ಅವರನ್ನೇ ಕೇಳಿದಳು.

ಫೋಟೋಗ್ರಾಫರ್ ಅಂಗೈಯನ್ನು ಆ ಅಕ್ಷರಗಳ ಮೇಲಿಟ್ಟರು.

"ನನ್ನ ಹೆಸರು, ಅಮ್ಮಾ."