ಭೂಮಿತಾಯಿಯ ಪಾಲು

ಆ ದಿನ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದರ ಹಿಂದಿನ ವಾರವೆಲ್ಲ ನಾನು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಸಿನಿಮಾದವರು ಗ್ಲಾಸಿಗೆ ಬಣ್ಣದ ನೀರು ಎಂದು ಹೇಳಿ ನಿಜವಾದದ್ದನ್ನೇ ಸುರಿಯಬಹುದಿತ್ತು. ಸುರಿಯದಿದ್ದರೂ ಶೂಟಿಂಗ್ ಮುಗಿದ ಮೇಲೆ "ಬನ್ನಿ ಸಾರ್, ಒಂಚೂರು" ಎಂದು ಕರೆಯಬಹುದಿತ್ತು. ನಮ್ಮ ಮನೆಯವರ ಜೊತೆ ಗದ್ವಾಲದಲ್ಲಿ ಡ್ಯೂಟಿ ಮಾಡಿದ, ಡ್ಯೂಟಿಗಿಂತ ಹೆಚ್ಚಾಗಿ ಗ್ಲಾಸು ಎತ್ತಿದ ಹಳೆಯ ಗೆಳೆಯರು ಎದುರಾಗಬಹುದಿತ್ತು. ಹಿಂದೆ ಇವರ ಕೈಯಲ್ಲಿ ಏಟು ತಿಂದ ಕಳ್ಳನೊಬ್ಬ ಈಗ ದೊಡ್ಡ ಮನುಷ್ಯನಾಗಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರಬಹುದಿತ್ತು. ಯಾರೋ ಮೊಬೈಲಿನಲ್ಲಿ ವಿಡಿಯೊ ಹಿಡಿದು ಅದು ಮಗಳ ಅತ್ತೆಮನೆಯವರೆಗೆ ಮುಟ್ಟಬಹುದಿತ್ತು. ಜುರಾಲ ಅಣೆಕಟ್ಟಿನ ರಸ್ತೆಯಲ್ಲಿ ಕಾರು ಕೆಡಬಹುದಿತ್ತು. ಕಾರು ಸರಿಯಿದ್ದರೆ ಡ್ರೈವರನೇ ಕುಡಿದಿರಬಹುದಿತ್ತು. ಗ್ಲಾಸು ಹಿಡಿದ ಕೂಡಲೇ ಇವರ ಕೈ ನಡುಗಬಹುದಿತ್ತು. ನಡುಗದೇ ಇದ್ದು, ಬಹಳ ದಿನದ ಮೇಲೆ ಗೆಳೆಯ ಸಿಕ್ಕಂತೆ ಮುಖ ಅರಳಬಹುದಿತ್ತು. ಉಳಿದವುಗಳನ್ನು ನೆನೆದು ನಾನು ಹೊರಳಾಡುತ್ತಿದ್ದೆ. ಈ ಕೊನೆಯದನ್ನು ನೆನೆದರೆ ಎದ್ದೇ ಕೂರುತ್ತಿದ್ದೆ.

ನಮ್ಮ ಮನೆಯವರು ಪೊಲೀಸ್ ಖಾತೆಯಲ್ಲಿ ಪತ್ತೆ ಕೆಲಸ ಮಾಡುತ್ತಿದ್ದವರು. ಕಳ್ಳನ ಹೆಜ್ಜೆ ನೋಡಿ ಅವನ ಊರು ಹೇಳುತ್ತಾರೆ ಎಂಬ ಹೆಸರಿತ್ತು. ಹೊತ್ತು ಮುಳುಗಿದ ಮೇಲೆ ತಮ್ಮ ಹೆಜ್ಜೆ ಎಲ್ಲಿ ಬೀಳುತ್ತಿದೆ ಎಂಬುದು ಅವರಿಗೇ ತಿಳಿಯುವುದಿಲ್ಲ ಎಂಬ ಹೆಸರೂ ಇತ್ತು. ಮಾಮೂಲು ತೆಗೆದುಕೊಳ್ಳುತ್ತಿದ್ದರೇ ಎಂದರೆ, ಹೌದು, ತೆಗೆದುಕೊಳ್ಳುತ್ತಿದ್ದರು. ಅದು ಬಹಳ ಮಟ್ಟಿಗೆ ಬಾಟ್ಲಿಯ ರೂಪದಲ್ಲೇ ಬರುತ್ತಿದ್ದುದರಿಂದ ಮನೆಗೆ ಅದರಿಂದ ಒಂದು ಚಮಚವೂ ಬರಲಿಲ್ಲ. ಸಸ್ಪೆಂಡಾದರು, ಮತ್ತೆ ಸೇರಿದರು, ಕೊನೆಗೆ ನೌಕರಿಯನ್ನು ತಾವೇ ಬಿಟ್ಟರು. ಆಮೇಲೆ ಕುಡಿತವನ್ನೂ ಬಿಟ್ಟರು. ಬಿಡಿಸಿದ್ದು ರಾಯಚೂರಿನ ಡಾಕ್ಟರೋ ಮಂತ್ರಾಲಯಕ್ಕೆ ನಾನು ಹೊತ್ತ ಹರಕೆಯೋ ಎಂದು ವಿಚಾರಿಸಲು ಹೋಗಿಲ್ಲ. ಇಬ್ಬರಿಗೂ ಕೈ ಮುಗಿದಿದ್ದೇನೆ.

ಈಗ ಅವರು ಮಕ್ತಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತಾರೆ. ಎಲ್ಲಿಯಾದರೂ ಕಳವಾದ ಸುದ್ದಿ ಬಂದರೆ ಪೂರ್ತಿ ಓದುವ ಮೊದಲೇ "ಇದು ಮನೀ ಒಳಗಿನವ್ರದs ಕೆಲಸ" ಎಂದು ತೀರ್ಪು ಕೊಡುತ್ತಾರೆ. ಪತ್ತೆ ಕೆಲಸವೆಲ್ಲ ನನ್ನ ಪಾಲಿಗೆ ಬಂದಿದೆ. ಅವರು ಸಂತೆಯಿಂದ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರೆ ನಾನು ಅದನ್ನು ಒಗೆಯಲು ಒಯ್ಯುವವಳಂತೆ ಎತ್ತಿ ಮೂಸುತ್ತೇನೆ. ಅಂಗಿ ನಿನ್ನೆಯಷ್ಟೇ ಒಗೆದದ್ದು ಎಂದು ಅವರಿಗೂ ಗೊತ್ತು. ಇಷ್ಟು ದಿನವಾದ ಮೇಲೂ ಹೀಗೆ ಮೂಸುವುದು ಸರಿಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ, ಕೇಳಿಕೊಳ್ಳುತ್ತಲೇ ಮೂಸುತ್ತೇನೆ.

ಇಂಥ ಮನೆಗೆ ಬೆಂಗಳೂರಿನಿಂದ ಫೋನು ಬಂತು. ಇವರ ಹಳೆಯ ಸಹೋದ್ಯೋಗಿ ಯಾರೋ ನಂಬರು ಕೊಟ್ಟಿದ್ದರಂತೆ. ಇವರಿಗೆ ಸ್ಪೀಕರು ಹಾಕದೆ ಮಾತಾಡಲು ಬರುವುದಿಲ್ಲವಾದ್ದರಿಂದ ಅಡಿಗೆಮನೆಯಲ್ಲಿ ನನಗೂ ಎಲ್ಲ ಕೇಳಿಸಿತು.

"ಸಾರ್, ನಮ್ಮ ಹೀರೋ ಒಬ್ಬ ಕರಪ್ಟ್ ಡಿಟೆಕ್ಟಿವ್. ಮಹಾ ಕುಡುಕ. ಕೊನೆಗೆ ಹೇಗಾದ್ರೂ ಒಳ್ಳೆಯವನಾಗ್ಬೇಕು ಅಂತ ಒದ್ದಾಡ್ತಾನೆ. ಗದ್ವಾಲದಲ್ಲಿ ಶೂಟಿಂಗ್ ಇದೆ. ನೀವು ಒಂದು ದಿನ ಬಂದು ನಿಜವಾಗಿ ಹೇಗಿರುತ್ತೆ ಅಂತ ತೋರಿಸ್ಕೊಡ್ಬೇಕು."

ಫೋನು ಇಟ್ಟ ಮೇಲೆ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಯಾವುದನ್ನ ತೋರಸ್ತೀರಿ? ಕುಡಿಯೂದೋ, ಒಳ್ಳೇವ್ರಾಗೂದೋ?"

"ನನಗ ಎರಡೂ ಬರ್ತಾವಲ್ಲ."

"ಒಂದು ಚಂದಂಗ ಬರ್ತೈತಿ. ಇನ್ನೊಂದು ಇನ್ನಾ ಕಲ್ಯಾಕತ್ತೀರಿ."

ಅವರು ನಗಲಿಲ್ಲ. ಪೇಪರು ಮಡಚಿ, "ಎಷ್ಟು ದಿನಕ್ಕ ಯಾರೋ ಒಬ್ರು ನನ್ನ ಸಾರ್ ಅಂದಾರ ನೋಡು," ಎಂದರು. ನಾನು ಸೌಟನ್ನು ಕಟ್ಟೆಯ ಮೇಲಿಟ್ಟೆ. "ಹೋದ್ರ ನಾನೂ ಬರ್ತೀನಿ," ಎಂದೆ.

"ನೀ ಯಾಕ? ಬಂದೋಬಸ್ತಿಗೇನು?"

"ಹೌದ್ರಿ. ಬಂದೋಬಸ್ತಿಗೇ."

ಹೊರಡುವ ದಿನ ನಾರಾಯಣಪೇಟೆಯ ನನ್ನ ತವರಿನ ಮಗ್ಗದಲ್ಲಿ ನೇಯ್ದ ಬಿಳಿ ಒಡಲಿನ, ಕೆಂಪಂಚಿನ ಸೀರೆ ಉಟ್ಟೆ. ಗದ್ವಾಲಕ್ಕೆ ಹೋಗುವಾಗ ನಾರಾಯಣಪೇಟೆ ಸೀರೆಯನ್ನೇ ಉಡಬೇಕು, ತಾವೊಬ್ಬರೇ ನೇಯುವವರು ಎಂದು ಆ ಊರಿನವರು ತಿಳಿದುಕೊಳ್ಳಬಾರದು ಎಂಬುದು ನನ್ನ ಅವ್ವನ ಕಟ್ಟಪ್ಪಣೆ. ಇವರು ಮೇಲಿಂದ ಕೆಳಗಿನವರೆಗೆ ನೋಡಿ, "ಶೂಟಿಂಗು ನಂದಾ, ನಿಂದಾ?" ಎಂದರು. ಕಾರಿನಲ್ಲಿ ಮೊದಲು ಡ್ರೈವರನನ್ನು ಮಾತಾಡಿಸಿ ಅವನ ಉಸಿರನ್ನು ಪರೀಕ್ಷಿಸಿದೆ. ಬೆಳ್ಳುಳ್ಳಿ ಚಟ್ನಿಯ ವಾಸನೆಯ ಹೊರತು ಏನೂ ಇರಲಿಲ್ಲ. ಅಣೆಕಟ್ಟಿನ ಮೇಲೆ ಕಾರು ಕೆಡಲಿಲ್ಲ. ಒಂದೊಂದೇ ಆಪತ್ತು ಹೀಗೆ ಕೈಕೊಟ್ಟಂತೆಲ್ಲ ಉಳಿದವುಗಳ ಮೇಲೆ ನನ್ನ ನಂಬಿಕೆ ಹೆಚ್ಚುತ್ತ ಹೋಯಿತು.

ಕೋಟೆಯ ಹಿಂದಿನ ಒಂದು ಹಳೆಯ ಮನೆಯ ಕೋಣೆಯನ್ನು ಲಾಡ್ಜಿನ ರೂಮಿನಂತೆ ಮಾಡಿದ್ದರು. ನಿರ್ದೇಶಕ ನಮ್ಮ ಮಗಳ ವಯಸ್ಸಿನವನು, ಬಹಳ ಮರ್ಯಾದಸ್ತ. ಪತ್ತೇದಾರನ ಪಾತ್ರದ ನಟ ಗಡ್ಡ ಬಿಟ್ಟು, ಕಣ್ಣಿಗೆ ಕೆಂಪು ಹಚ್ಚಿಸಿಕೊಂಡು ಕೂತಿದ್ದ. ಅಷ್ಟು ಸೊಗಸಾದ ಕುಡುಕನನ್ನು ನಾನು ಕಂಡಿರಲಿಲ್ಲ.

ಮೊದಲ ದೃಶ್ಯದಲ್ಲಿ ಅವನು ಲಾಡ್ಜಿನ ಮಾಲೀಕನ ಮುಂದೆ ಮೇಜು ಗುದ್ದಿ, "ಎಲ್ಲಿ ನನ್ನ ಲಂಚ?" ಎಂದ. ಇವರು ಮೂಲೆಯಲ್ಲಿ ಕೂತವರು ಕಿಸಕ್ಕನೆ ನಕ್ಕುಬಿಟ್ಟರು.

"ಲಂಚ ಅನ್ನೂದು ಪೇಪರಿನ್ಯಾಗ ಬರ್ತೈತ್ರಿ. ಕೈಯಾಗ ಬರೂದು ಮಾಮೂಲು. ಅದನ್ನೂ ಬಾಯಿಬಿಟ್ಟು ಕೇಳಾಂಗಿಲ್ಲ. 'ಏನಪಾ, ಇತ್ತಿತ್ಲಾಗ ಕಾಣಾಂಗs ಇಲ್ಲ' ಅಂದ್ರ ಮುಗೀತು."

ನಿರ್ದೇಶಕ ಸಂತೋಷದಿಂದ ತೊಡೆ ತಟ್ಟಿಕೊಂಡ. ಆ ಮಾತು ಹೇಳುವಾಗ ಇವರ ದನಿ ಎಷ್ಟು ಸಲೀಸಾಗಿ ಹಳೆಯ ದನಿಯಾಯಿತೆಂದರೆ, ಇವತ್ತು ಒಳ್ಳೆಯ ದಿನವಲ್ಲ ಎಂದು ನಾನು ಅಲ್ಲಿಯೇ ತೀರ್ಮಾನ ಮಾಡಿಕೊಂಡೆ.

ಮುಂದಿನದು ಪತ್ತೇದಾರ ಕುಡಿತ ಬಿಡುವ ದೃಶ್ಯ. ನಟ ಬಾಟ್ಲಿಯನ್ನು ದಿಟ್ಟಿಸಿ ನೋಡಿ ಗೋಡೆಗೆ ಬೀಸಿ ಒಡೆಯಬೇಕು.

"ಬಾಟ್ಲಿ ಒಡೆಯೂದಿಲ್ರಿ," ಎಂದರು ಇವರು. "ಕುಡಿಯೂ ಮನುಷ್ಯಾಗ ಬಾಟ್ಲಿ ಒಡೆಯಾಕ ಕೈ ಬರೂದಿಲ್ಲ. ನಾ ಮುಚ್ಚಳ ಬಿಗಿ ಮಾಡಿ, ಸುಮ್ನ ಇಕಿ ಕೈಯಾಗ ಕೊಟ್ಟೆ."

ಅಷ್ಟು ಹೊತ್ತೂ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ನಾನು. "ಕೊಟ್ರೇನ್ರಿ? ನಾ ಕಸಗೊಂಡೆ!"

"ನಾ ಕೈ ಚಾಚಿದ್ದೆ."

"ಅದು ಗ್ಲಾಸಿಗೆ ಚಾಚಿದ್ರಿ!"

"ನಿನಗ ಬಾಟ್ಲಿ ಕಂಡಿತ್ತು. ನನ್ನ ಕೈ ಯಾವ ಕಡೆ ಇತ್ತು, ನೋಡಿದ್ಯೇನು?"

ದೀಪ ಹಿಡಿದವರು, ಕೇಬಲ್ಲು ಎಳೆಯುವವರು ಎಲ್ಲರೂ ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನಿರ್ದೇಶಕ ಮೆತ್ತಗೆ, "ಮೇಡಂ, ಎರಡೂ ಥರ ತೆಗೀತೀವಿ," ಎಂದ. ಅವರು ಎರಡೂ ಥರ ತೆಗೆದರು. ನಮ್ಮ ಮನೆಯಲ್ಲಿ ನಡೆದದ್ದು ಯಾವ ಥರ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಎಲ್ಲ ಮುಗಿಯಿತು, ಗ್ಲಾಸಿನ ಸುದ್ದಿ ಬರಲೇ ಇಲ್ಲ ಎಂದು ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳುವಷ್ಟರಲ್ಲಿ, ಬಿಡುವ ಮೊದಲಿನ ಕುಡಿತವನ್ನು ಈಗ ತೆಗೆಯುತ್ತೇವೆ ಎಂದರು. ಸಿನಿಮಾದಲ್ಲಿ ಮೊದಲಿನದು ಆಮೇಲೆ ಬರುತ್ತದಂತೆ. ನಟ ಗ್ಲಾಸು ಎತ್ತಿ ಒಂದೇ ಗುಟುಕಿಗೆ ಕುಡಿದ. ನಿರ್ದೇಶಕ ಇವರ ಕಡೆ ನೋಡಿದ.

"ಬೆರಳೆಲ್ಲೈತ್ರಿ?" ಎಂದರು ಇವರು.

ಬೆರಳು ಎಂದರೇನೆಂದು ಬೆಂಗಳೂರಿನವರಿಗೆ ಅರ್ಥವಾಗಲಿಲ್ಲ, ನನಗಾಯಿತು. ನಮ್ಮ ಕಡೆ ಕುಡಿಯುವವರು ಮೊದಲ ಗುಟುಕಿಗೆ ಮುಂಚೆ ಉಂಗುರದ ಬೆರಳನ್ನು ಗ್ಲಾಸಿನಲ್ಲಿ ಅದ್ದಿ ನೆಲಕ್ಕೆ ಹನಿ ಚಿಮುಕಿಸುತ್ತಾರೆ. ಊಟಕ್ಕೆ ಕೂತ ಆಚಾರರು ಎಲೆಯ ಸುತ್ತ ನೀರು ತಿರುವುವಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ. ಅದೇನೆಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಭೂಮಿತಾಯಿಯ ಪಾಲು," ಎಂದಿದ್ದರು. "ಭೂಮಿತಾಯಿಗೆ ಪಾಲು ಐತಿ, ಮನೀಗಿಲ್ಲ," ಎಂದು ನಾನು ಅಂದಿದ್ದೆ. ಆಮೇಲೆ ಅದೆಷ್ಟು ಸಂಜೆ ಆ ಹನಿಗಳನ್ನು ನೆಲದಿಂದ ಒರೆಸಿದ್ದೇನೋ.

"ತೋರಿಸಿ ಸಾರ್," ಎಂದು ನಿರ್ದೇಶಕ ತುಂಬಿದ ಗ್ಲಾಸನ್ನು ಇವರ ಕಡೆ ಚಾಚಿದ.

ನಾನು ಎದ್ದು ನಡುವೆ ಹೋಗಿ ಗ್ಲಾಸು ಇಸಕೊಂಡೆ. ಅಷ್ಟು ಜನರ ಮುಂದೆ ಅದಕ್ಕೆ ಮೂಗು ಹಚ್ಚಿ ಮೂಸಿದೆ.

"ಬ್ಲ್ಯಾಕ್ ಟೀ, ಮೇಡಂ," ಎಂದ ಅವನು.

"ಇರಲಿ," ಎಂದು ಇನ್ನೊಮ್ಮೆ ಮೂಸಿದೆ. ಟೀಯೇ. ಇವರ ಕೈಗೆ ಕೊಟ್ಟೆ. ಕೊಡುವಾಗ ಹೊಳೆಯಿತು: ಕಸಿದುಕೊಂಡವಳೂ ನಾನೇ, ಈಗ ಕೈಯಾರೆ ಕೊಡುತ್ತಿರುವವಳೂ ನಾನೇ.

ಅವರ ಕೈ ನಡುಗಲಿಲ್ಲ. ನಾನು ಗ್ಲಾಸು ನೋಡಲಿಲ್ಲ, ಮುಖವನ್ನೇ ನೋಡಿದೆ. ಮುಖ ಅರಳಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವ ಮಾಸ್ತರರಂತೆ ಬೇಸರದಲ್ಲೇ ಬೆರಳು ಅದ್ದಿ, ಚಿಮುಕಿಸಿ, ಮೂಗಿನ ಹತ್ತಿರಕ್ಕೂ ಒಯ್ಯದೆ ಗ್ಲಾಸನ್ನು ನಟನ ಕೈಗೆ ದಾಟಿಸಿದರು. "ಹಿಂಗ. ಅವಸರ ಮಾಡಬಾರದು," ಎಂದರು, ಅಷ್ಟೇ. ನಟ ನಾಲ್ಕಾರು ಸಲ ಮಾಡಿದ. ಪ್ರತಿ ಸಲ ಇವರು, "ಅಷ್ಟು ದೂರ ಅಲ್ರಿ, ಹೊಲಕ್ಕ ನೀರು ಬಿಡಾಕತ್ತೀರೇನು?" ಎಂದು ತಿದ್ದಿದರು.

ಹಳೆಯ ಗೆಳೆಯರು ಬರಲಿಲ್ಲ, ಕಳ್ಳ ಬರಲಿಲ್ಲ, ಯಾರೂ ವಿಡಿಯೊ ಹಿಡಿಯಲಿಲ್ಲ. "ಒಂಚೂರು" ಎಂದು ಯಾರೂ ಕರೆಯಲೂ ಇಲ್ಲ. ನಿರ್ದೇಶಕ ಇವರಿಗೆ ಶಾಲು ಹೊದಿಸಿ ಕಾಲು ಮುಟ್ಟಿದ. ನನಗೆ ಒಳಗೊಳಗೇ ಸಿಟ್ಟು ಬಂತು. ಒಂದು ವಾರದ ನಿದ್ದೆ ಕೆಡಿಸಿಕೊಂಡಿದ್ದೆ, ಒಂದಾದರೂ ನಿಜವಾಗಬಾರದೇ?

ಮರಳುವ ಮೊದಲು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವು. ಇವರು ಹುರುಪಿನಲ್ಲಿದ್ದರು. ಶಾಲು ಇನ್ನೂ ಹೆಗಲ ಮೇಲೆಯೇ ಇತ್ತು. ಗಲ್ಲೆಯ ಮೇಲೆ ಕೂತವನು, "ಚಕ್ಕರ ತಕ್ಕುವನಾ, ಸಾರ್?" ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ, "ಇವತ್ತು ಸಕ್ರಿ ಭರ್ತಿ ಹಾಕು!" ಎಂದರು. ಚಹಾ ಬಂತು, ಹಬೆಯಾಡುವ ಶುಂಠಿ ಚಹಾ.

"ಆದ್ರೂ ಆ ಹೀರೋ ಹುಡುಗಗ ಬರಾಂಗಿಲ್ಲ ಬಿಡು," ಎನ್ನುತ್ತ ಗ್ಲಾಸು ಹತ್ತಿರ ಎಳೆದುಕೊಂಡರು. "ಅದು ಕಲಿಸಿದ್ರ ಬರೂದಲ್ಲ, ಕೈಯಾಗs ಇರಬೇಕು." ಮಾತು ನಿಲ್ಲಿಸದೆ ಉಂಗುರದ ಬೆರಳನ್ನು ಚಹಾದಲ್ಲಿ ಅದ್ದಿದರು.

ಬೆರಳು ಸುಟ್ಟಿತು. "ಹಾ!" ಎಂದು ಕೈ ಝಾಡಿಸಿದರು. ಭೂಮಿತಾಯಿಯ ಪಾಲು ಈ ಸಲ ನೆಲಕ್ಕೆ ಹೋಗಲಿಲ್ಲ, ನೇರವಾಗಿ ನನ್ನ ಸೆರಗಿಗೆ ಬಂತು.

ಅವರು ಆ ಬೆರಳನ್ನು ಬೆಳಕಿಗೆ ಹಿಡಿದು, ಯಾರದೋ ಬೆರಳೆನ್ನುವಂತೆ ತಿರುಗಿಸಿ ನೋಡಿದರು. "ಇದು ಮನೀ ಒಳಗಿನವ್ರದs ಕೆಲಸ," ಎಂದರು, ಮೆಲ್ಲಗೆ.

ನಾನು ಅವರ ಗ್ಲಾಸನ್ನು ಎಳೆದುಕೊಂಡು ಮೂಸಿ ನೋಡಿ, ತಿರುಗಿ ಅವರ ಮುಂದೆಯೇ ಇಟ್ಟೆ. "ಕುಡೀರಿ, ಆರ್ತೈತಿ," ಎಂದೆ. ಕುಡಿದರು. ಇನ್ನೊಂದು ಚಹಾ ಹೇಳಿದರು.

ಸೀರೆಗೆ ಲಿಂಬೆಹಣ್ಣು ತಿಕ್ಕಿದೆ, ಬಿಸಿಲಿಗೆ ಹಾಕಿದೆ, ನಾರಾಯಣಪೇಟೆಗೂ ಒಯ್ದು ತೋರಿಸಿದೆ. ಸೆರಗಿನ ಬಿಳಿಯ ಮೇಲೆ ಚಹಾದ ಕಲೆ ಹಾಗೇ ಇದೆ.